ದೀಕ್ಷಾಸ್ನಾನವಿಲ್ಲದೆ ರಕ್ಷಣೆ ಇಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ದೃಢೀಕರಣದ (ಬೆಳೆದ ಮೇಲೆ ನಂಬಿಕೆಯನ್ನು ಸ್ವತಃ ಒಪ್ಪಿಕೊಳ್ಳುವ ವಿಧಿಯ) ತರಗತಿಗೆ ಬರುವ ಹುಡುಗರು, ಹೆತ್ತ ಕೂಸನ್ನು ಕಳೆದುಕೊಂಡವರು, ಬೇರೆ ಸಭೆಯಲ್ಲಿ ಸಂಬಂಧ ಬೆಳೆಸಲು ಹೊರಟವರು, ವರ್ಷಗಟ್ಟಲೆ ಯೇಸುವನ್ನು ನಂಬಿಯೂ ನೀರಿಗಿಳಿಯದವರು, ಎಲ್ಲರ ಬಾಯಲ್ಲೂ ಬರುವ ಪ್ರಶ್ನೆಗಳು ಇವು. ಉತ್ತರ ಬರೆಯುತ್ತಿರುವವನು ಪ್ರೊಟೆಸ್ಟೆಂಟ್ ಸಭೆಯವನು. ನನ್ನ ಮಾತು ಯಾವ ಕಡೆಗೆ ವಾಲಬಹುದೆಂದು ಮೊದಲೇ ತಿಳಿದಿರಲಿ ಎಂದು ಇದನ್ನು ಹೇಳಿದೆ. ಕಥೋಲಿಕರು ಜ್ಞಾನಸ್ನಾನ ಎಂದರೂ ನಾವು ದೀಕ್ಷಾಸ್ನಾನ ಎಂದರೂ ಸಂಗತಿ ಒಂದೇ: ನೀರಿನಲ್ಲಿ ಮುಳುಗಿಸಿಯೋ ನೀರು ಸುರಿದೋ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿ.

ಸುತ್ತಿ ಬಳಸದೆ ಹೇಳಿ: ಅಗತ್ಯವೋ ಅಲ್ಲವೋ?

ನಂಬಿದವನಿಗೆ ಅಗತ್ಯ, ದೇವರ ಕೈಯನ್ನು ಅದು ಕಟ್ಟಿಹಾಕುವುದಿಲ್ಲ.

ಇದು ಜಾರಿಕೊಳ್ಳುವ ಉತ್ತರವಲ್ಲ. ಅಗತ್ಯ ಎನ್ನುವಾಗ ಜನರ ಮನಸ್ಸಿನಲ್ಲಿ ಎರಡು ಬೇರೆ ಸಂಗತಿಗಳಿರುತ್ತವೆ. ಕರ್ತನು ಆಜ್ಞೆ ಕೊಟ್ಟಿದ್ದಾನೆ, ಆದ್ದರಿಂದ ಮಾಡಲೇಬೇಕು ಎನ್ನುವುದು ಒಂದು. ಆ ನೀರಿಲ್ಲದೆ ಪಾಪಕ್ಷಮೆ ತಲುಪುವ ದಾರಿಯೇ ಇಲ್ಲ ಎನ್ನುವುದು ಇನ್ನೊಂದು. ಮತ್ತಾಯ 28:19ರ ಆಜ್ಞೆ ಎಲ್ಲರ ಕಣ್ಣ ಮುಂದಿರುವುದರಿಂದ ಮೊದಲನೆಯದನ್ನು ಕಥೋಲಿಕ, ಆರ್ಥೊಡಾಕ್ಸ್, ಲುಥೆರನ್, ಬ್ಯಾಪ್ಟಿಸ್ಟ್, ಪೆಂತೆಕೊಸ್ತ ಎಂಬ ಭೇದವಿಲ್ಲದೆ ಹೆಚ್ಚುಕಡಿಮೆ ಎಲ್ಲರೂ ಒಪ್ಪುತ್ತಾರೆ. ಜಗಳವೆಲ್ಲ ಎರಡನೆಯದರ ಬಗ್ಗೆ. ಅಲ್ಲಿಯೂ, ಅಗತ್ಯ ಎಂದು ಗಟ್ಟಿಯಾಗಿ ಹೇಳುವ ಸಭೆಗಳು ಆಗದವರಿಗಾಗಿ ಒಂದು ಬಾಗಿಲು ತೆರೆದಿಟ್ಟಿವೆ; ಅಗತ್ಯವಿಲ್ಲ ಎನ್ನುವ ಸಭೆಗಳು ಬೇಕೆಂದೇ ಬಿಡುವವರನ್ನು ಗದರಿಸುತ್ತವೆ. ವಾದ ಕೇಳಿದರೆ ಆಕಾಶ ಭೂಮಿಯಷ್ಟು ಅಂತರ ಇದೆಯೇನೋ ಅನ್ನಿಸುತ್ತದೆ. ಸಾವಿನ ಮನೆಯಲ್ಲಿ ಇಬ್ಬರೂ ಆಡುವ ಮಾತು ಕೇಳಿದರೆ ಅಷ್ಟು ಅಂತರ ಕಾಣುವುದಿಲ್ಲ.

ಅಗತ್ಯ ಎನ್ನುವವರು ಯಾವ ವಚನಗಳನ್ನು ಹಿಡಿಯುತ್ತಾರೆ?

ಮೊದಲು ಬರುವುದು ಯೋಹಾನ 3:5. ರಾತ್ರಿ ಹೊತ್ತು ಬಂದ ನಿಕೊದೇಮನಿಗೆ ಯೇಸು, ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯವನ್ನು ಸೇರಲಾರನು ಎನ್ನುತ್ತಾನೆ. ಆಮೇಲೆ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪಂಚಾಶತ್ತಮ ದಿನದ ಪೇತ್ರನ ಪ್ರಸಂಗ (ಅಪೊಸ್ತಲರ ಕೃತ್ಯಗಳು 2:38): ಪಾಪಪರಿಹಾರಕ್ಕಾಗಿ ದೀಕ್ಷಾಸ್ನಾನ ಮಾಡಿಸಿಕೊಳ್ಳಿರಿ. ಅನನೀಯನು ಮುಂದೆ ಪೌಲನೆನಿಸಿದ ಸೌಲನಿಗೆ, ಏಳು, ದೀಕ್ಷಾಸ್ನಾನ ಮಾಡಿಸಿಕೊಂಡು ನಿನ್ನ ಪಾಪಗಳನ್ನು ತೊಳೆದುಕೋ ಎನ್ನುವುದು ಅದೇ ಪುಸ್ತಕದ 22:16ರಲ್ಲಿದೆ. ಕ್ರಿಸ್ತನೊಡನೆ ಹೂಣಲ್ಪಟ್ಟು ಅವನೊಡನೆ ಎದ್ದು ಬರುವ ಚಿತ್ರ ರೋಮಾಪುರದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿದೆ.

ಇವೆಲ್ಲಕ್ಕಿಂತ ನೇರವಾದದ್ದು 1 ಪೇತ್ರ 3:21. ನೋಹನ ನಾವೆಯ ಮಾತು ಹೇಳುತ್ತಾ ಪೇತ್ರ, ದೀಕ್ಷಾಸ್ನಾನ ಈಗ ನಿಮ್ಮನ್ನು ರಕ್ಷಿಸುತ್ತದೆ ಎಂದೇ ಬಿಡುತ್ತಾನೆ. ಆದರೆ ಅದೇ ಉಸಿರಿನಲ್ಲಿ, ಅದು ಮೈಯ ಕೊಳೆ ತೊಳೆಯುವುದಲ್ಲ, ಶುದ್ಧ ಮನಸ್ಸಾಕ್ಷಿಯಿಂದ ದೇವರೊಡನೆ ಮಾಡುವ ಬಿನ್ನಹ ಎಂದೂ ಸೇರಿಸುತ್ತಾನೆ. ಒಂದು ಪಂಗಡದವರು ವಚನದ ಮೊದಲರ್ಧ ಓದಿ ನಿಲ್ಲಿಸುತ್ತಾರೆ, ಇನ್ನೊಂದು ಪಂಗಡದವರು ಎರಡನೆಯ ಅರ್ಧದಿಂದ ಓದಲು ಶುರುಮಾಡುತ್ತಾರೆ.

ಅಗತ್ಯವಿಲ್ಲ ಎನ್ನುವವರ ಹತ್ತಿರ ಏನಿದೆ?

ಎಫೆಸ 2:8-9 ಎಲ್ಲರಿಗೂ ಬಾಯಿಪಾಠ: ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ. ನನಗೆ ಅದಕ್ಕಿಂತ ಬಲವಾಗಿ ಕಾಣುವುದು ರೋಮಾಪುರದವರಿಗೆ ಬರೆದ ಪತ್ರದ 4ನೆಯ ಅಧ್ಯಾಯ. ಅಬ್ರಹಾಮನನ್ನು ದೇವರು ನೀತಿವಂತನೆಂದು ಎಣಿಸಿದ್ದು ಸುನ್ನತಿಗೆ ಮುಂಚೆಯೋ ಆಮೇಲೆಯೋ ಎಂದು ಪೌಲ ಕೇಳುತ್ತಾನೆ. ಮುಂಚೆ. ಸುನ್ನತಿ ಬಂದದ್ದು ಆಗಲೇ ಇದ್ದ ನಂಬಿಕೆಯ ಮೇಲೆ ಒತ್ತಿದ ಮುದ್ರೆಯಾಗಿ. ದೀಕ್ಷಾಸ್ನಾನಕ್ಕೂ ಇದೇ ತರ್ಕ ಹೊಂದುತ್ತದೆ ಎನ್ನುತ್ತಾರೆ ಇವರು. ಜೊತೆಗೆ 1 ಕೊರಿಂಥ 1ರಲ್ಲಿ ಪೌಲ, ಕ್ರಿಸ್ಪ, ಗಾಯ, ಸ್ತೆಫನನ ಮನೆಯವರು, ಇವರನ್ನು ಬಿಟ್ಟರೆ ಬೇರೆ ಯಾರಿಗೆ ದೀಕ್ಷಾಸ್ನಾನ ಕೊಟ್ಟೆನೋ ನೆನಪಿಲ್ಲ, ಕ್ರಿಸ್ತನು ನನ್ನನ್ನು ಕಳುಹಿಸಿದ್ದು ದೀಕ್ಷಾಸ್ನಾನ ಕೊಡುವುದಕ್ಕಲ್ಲ, ಸುವಾರ್ತೆ ಸಾರುವುದಕ್ಕೆ ಎನ್ನುತ್ತಾನೆ. ರಕ್ಷಣೆಯೇ ನೀರಿನ ಮೇಲೆ ನಿಂತಿದ್ದರೆ ಯಾವ ಅಪೊಸ್ತಲನಾದರೂ ಅಷ್ಟು ನಿರಾಳವಾಗಿ ಹೀಗೆ ಹೇಳುತ್ತಿದ್ದನೇ?

ಕೊರ್ನೇಲ್ಯನ ಕಥೆಯನ್ನು ಎರಡೂ ಕಡೆಯವರು ಹೇಳುತ್ತಾರಲ್ಲ, ಯಾರದ್ದು ಸರಿ?

ಕೃತ್ಯಗಳು 10ನೆಯ ಅಧ್ಯಾಯ. ಕೈಸರೈಯದಲ್ಲಿ ರೋಮ್ ಸೇನೆಯ ಶತಾಧಿಪತಿ ಕೊರ್ನೇಲ್ಯನ ಮನೆ. ಪೇತ್ರ ಇನ್ನೂ ಮಾತು ಮುಗಿಸಿಲ್ಲ, ಕೇಳುತ್ತಿದ್ದವರ ಮೇಲೆ ಪವಿತ್ರಾತ್ಮ ಇಳಿದುಬಿಡುತ್ತದೆ. ನೀರು ಎಲ್ಲಿಯೂ ಇಲ್ಲ. ಅಗತ್ಯವಿಲ್ಲ ಎನ್ನುವವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ.

ಮುಂದಿನ ಸಾಲು ಓದಬೇಕು. ಆತ್ಮ ಬಂದಾಯಿತಲ್ಲ, ಇನ್ನು ನೀರೇಕೆ ಎಂದು ಪೇತ್ರ ಕೇಳಲಿಲ್ಲ. ನಮ್ಮ ಹಾಗೆಯೇ ಆತ್ಮವನ್ನು ಹೊಂದಿದ ಇವರಿಗೆ ನೀರನ್ನು ಬೇಡವೆನ್ನಲು ಯಾರಿಂದಾದೀತು ಎಂದ. ಅಂದೇ ದೀಕ್ಷಾಸ್ನಾನವಾಯಿತು. ಆ ಮನೆಯಲ್ಲಿ ದೇವರು ನೀರಿಗಾಗಿ ಕಾಯಲಿಲ್ಲ. ಹಾಗೆಂದು ಸಭೆ ನೀರನ್ನು ಬಿಡಲೂ ಇಲ್ಲ. 8ನೆಯ ಅಧ್ಯಾಯದ ಸಮಾರ್ಯದಲ್ಲಿ ಇದು ತಿರುವುಮುರುವು: ಅಲ್ಲಿ ದೀಕ್ಷಾಸ್ನಾನ ಮೊದಲು, ಆತ್ಮ ಆಮೇಲೆ. ಲೂಕನು ಒಂದೇ ಕ್ರಮವನ್ನು ಕೊಟ್ಟಿದ್ದರೆ ನಮಗೆ ಅನುಕೂಲವಾಗುತ್ತಿತ್ತು. ಕೊಟ್ಟಿಲ್ಲ. ಆದರೆ ಅವನ ಪುಸ್ತಕದಲ್ಲಿ ಹೊಸದಾಗಿ ನಂಬಿದವರು ಹೆಚ್ಚಾಗಿ ನೀರಿನ ತನಕ ಬರುತ್ತಾರೆ. ಫಿಲಿಪ್ಪಿಯ ಸೆರೆಯ ಯಜಮಾನನಂತೂ ಬೆಳಗಾಗುವುದನ್ನೂ ಕಾಯಲಿಲ್ಲ. ನಡುರಾತ್ರಿ, ಕೈದಿಗಳ ಗಾಯ ತೊಳೆದ ಅದೇ ಗಳಿಗೆಯಲ್ಲಿ ಮನೆಮಂದಿಯೆಲ್ಲ ದೀಕ್ಷಾಸ್ನಾನ ಮಾಡಿಸಿಕೊಂಡರು.

ಶಿಲುಬೆಯ ಮೇಲಿನ ಕಳ್ಳನಿಗೆ ದೀಕ್ಷಾಸ್ನಾನ ಆಗಿರಲಿಲ್ಲ. ನನಗೇಕೆ ಬೇಕು?

ಅವನ ಕೈಗಳಿಗೆ ಮೊಳೆ ಹೊಡೆದಿತ್ತು. ನಿಮ್ಮ ಕೈಗಳಿಗೆ ಹೊಡೆದಿಲ್ಲ. ಈ ದಿನವೇ ನನ್ನ ಸಂಗಡ ಪರದೈಸಿನಲ್ಲಿರುವಿ ಎಂದು ಯೇಸು ಅವನಿಗೆ ಹೇಳಿದ ಲೂಕ 23:43 ದೇವರು ಏನು ಮಾಡಬಲ್ಲನು ಎಂಬುದನ್ನು ಹೇಳುತ್ತದೆಯೇ ಹೊರತು ನಾವು ಏನನ್ನು ಬಿಡಬಹುದು ಎಂಬುದನ್ನಲ್ಲ. ಸಾಯುವ ಗಳಿಗೆಯಲ್ಲಿ ನಂಬಿದ ಯಾರ ಬಗ್ಗೆಯೂ ಹತಾಶರಾಗಬೇಡಿ ಎನ್ನಲು ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ. ಗಟ್ಟಿಮುಟ್ಟಾಗಿರುವವರು ಅದರ ಹಿಂದೆ ಅಡಗಿಕೊಳ್ಳುವುದು ಬೇರೆಯೇ ಮಾತು.

ಮಾರ್ಕ 16:16ರಲ್ಲಿ ಸ್ಪಷ್ಟವಾಗಿಯೇ ಇದೆಯಲ್ಲ?

ನಂಬಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವನು ರಕ್ಷಣೆ ಹೊಂದುವನು, ನಂಬದವನು ದಂಡನೆಗೆ ಗುರಿಯಾಗುವನು. ಎರಡನೆಯ ಭಾಗದಲ್ಲಿ ದೀಕ್ಷಾಸ್ನಾನದ ಮಾತೇ ಇಲ್ಲ; ದಂಡನೆಗೆ ಕಾರಣ ಅಪನಂಬಿಕೆ ಮಾತ್ರ. ಜೊತೆಗೆ ಮಾರ್ಕನ 16:9-20 ನಾಲ್ಕನೆಯ ಶತಮಾನದ ಸೈನಾಯ್ಟಿಕಸ್ ಮತ್ತು ವ್ಯಾಟಿಕಾನಸ್ ಹಸ್ತಪ್ರತಿಗಳಲ್ಲಿ ಇಲ್ಲ. ಈ ಒಂದು ವಚನದ ಮೇಲೆ ಇಡೀ ಬೋಧನೆಯನ್ನು ನಿಲ್ಲಿಸುವವರು ಇದನ್ನು ತಿಳಿದುಕೊಂಡಿರುವುದು ಒಳ್ಳೆಯದು.

ಕಥೋಲಿಕ ಧರ್ಮಸಭೆ ಏನು ಕಲಿಸುತ್ತದೆ?

ಅಗತ್ಯ ಎಂದೇ ಕಲಿಸುತ್ತದೆ. ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ 1547ರಲ್ಲಿ, ಜ್ಞಾನಸ್ನಾನ ಬೇಕಾದರೆ ಉಂಟು ಬೇಡವಾದರೆ ಇಲ್ಲ, ರಕ್ಷಣೆಗೆ ಅದು ಅಗತ್ಯವಲ್ಲ ಎನ್ನುವವರನ್ನು ಬಹಿಷ್ಕರಿಸಿತು. ಆದರೆ ಅದೇ ಮಹಾಸಭೆ ಅದೇ ವರ್ಷ ನೀತೀಕರಣದ (ಪಾಪಿ ದೇವರ ಮುಂದೆ ನೀತಿವಂತನಾಗುವುದರ) ಬಗ್ಗೆ ಹೇಳುವಾಗ, ಈ ಸ್ನಾನದಿಂದ ಅಥವಾ ಅದರ ಬಯಕೆಯಿಂದ ಎಂಬ ಮಾತನ್ನೂ ಬರೆಯಿತು. ಆ ಬಯಕೆಯ ಮಾತೇ ಮುಂದಿನದಕ್ಕೆಲ್ಲ ಕೀಲಿ.

ಅದಕ್ಕೆ ಹಳೆಯ ಹಿನ್ನೆಲೆ ಇದೆ. 392ರಲ್ಲಿ ತರುಣ ಚಕ್ರವರ್ತಿ ಎರಡನೆಯ ವ್ಯಾಲೆಂಟಿನಿಯನ್ ತೀರಿಕೊಂಡ. ಜ್ಞಾನಸ್ನಾನ ಬೇಕೆಂದು ಕೇಳಿದ್ದ, ಆಗುವುದರೊಳಗೆ ಸತ್ತ. ಅವನ ಅಂತ್ಯಕ್ರಿಯೆಯಲ್ಲಿ ಮಿಲಾನಿನ ಬಿಷಪ್ ಆಂಬ್ರೋಸ್ ಅಳುತ್ತಿದ್ದ ಅಕ್ಕತಂಗಿಯರಿಗೆ, ಅವನು ಬೇಡಿಕೊಂಡದ್ದು ಅವನಿಗೆ ದೊರಕಿದೆ ಎಂದು ಧೈರ್ಯ ಹೇಳಿದ. ಹಾಗೆಯೇ ಸ್ನಾನವಾಗುವ ಮೊದಲೇ ಕ್ರಿಸ್ತನಿಗಾಗಿ ಕೊಲ್ಲಲ್ಪಟ್ಟವರಿಗೆ ಅವರ ರಕ್ತವೇ ಸ್ನಾನ ಎಂದು ಆದಿಸಭೆ ಎಣಿಸಿತು. ಇಂದಿನ ಕಥೋಲಿಕ ಧರ್ಮೋಪದೇಶ (ಅಧಿಕೃತ ಬೋಧನೆಯ ಗ್ರಂಥ) ಇವೆರಡನ್ನೂ ಒಪ್ಪಿ, ದೇವರು ರಕ್ಷಣೆಯನ್ನು ಜ್ಞಾನಸ್ನಾನದ ಸಂಸ್ಕಾರಕ್ಕೆ ಜೋಡಿಸಿದ್ದಾರೆ, ತಾವು ಮಾತ್ರ ತಮ್ಮ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ ಎನ್ನುತ್ತದೆ.

ಇದು ಆಧುನಿಕರ ಮೆತ್ತನೆಯ ಮಾತು ಎಂದು ದೂರುವವರು ಇದ್ದಾರೆ. ಅಮೆರಿಕದ ಬಾಸ್ಟನ್ನಿನಲ್ಲಿ ಲೆನರ್ಡ್ ಫೀನಿ ಎಂಬ ಯೇಸುಸಭೆಯ ಗುರು, ಕಥೋಲಿಕ ಧರ್ಮಸಭೆಗೆ ನೇರವಾಗಿ ಸೇರದ ಯಾರಿಗೂ ರಕ್ಷಣೆಯಿಲ್ಲ ಎಂದು ಹಟ ಹಿಡಿದಿದ್ದರು. 1949ರಲ್ಲಿ ರೋಮ್ ಆ ಅರ್ಥವನ್ನು ತಳ್ಳಿಹಾಕಿತು, 1953ರಲ್ಲಿ ಅವಿಧೇಯತೆಗಾಗಿ ಅವರನ್ನು ಬಹಿಷ್ಕರಿಸಿತು. ಕಥೋಲಿಕ ಧರ್ಮಸಭೆಯಲ್ಲಿ ಆಧುನಿಕ ಸುಧಾರಣೆಗಳನ್ನು ತಂದ ಎರಡನೆಯ ವ್ಯಾಟಿಕನ್ ಮಹಾಸಭೆ ಇನ್ನೂ ಶುರುವಾಗದ ಕಾಲ ಅದು.

ದೀಕ್ಷಾಸ್ನಾನವಾಗುವ ಮೊದಲೇ ನಮ್ಮ ಮಗು ತೀರಿಕೊಂಡಿತು. ಅದು ಎಲ್ಲಿದೆ?

ಈ ಪ್ರಶ್ನೆ ಕೇಳಿದವರಿಗೆ ಮೊದಲು ಉತ್ತರ, ಆಮೇಲೆ ಚರಿತ್ರೆ. ಕಥೋಲಿಕರಾಗಿರಲಿ ಪ್ರೊಟೆಸ್ಟೆಂಟರಾಗಿರಲಿ, ಇಂದು ನಿಮ್ಮ ಸಭೆ ಆ ಮಗುವನ್ನು ದೇವರ ಕರುಣೆಗೆ ಒಪ್ಪಿಸುತ್ತದೆ, ನಿರೀಕ್ಷೆಯಿಂದಲೇ ಒಪ್ಪಿಸುತ್ತದೆ. ನಿಮ್ಮ ಪಾಪಕ್ಕೋ ತಡಮಾಡಿದ್ದಕ್ಕೋ ಮಗು ನರಕಕ್ಕೆ ಹೋಯಿತು ಎಂದು ಯಾರಾದರೂ ಹೇಳಿದ್ದರೆ, ಅವರು ತಮ್ಮ ಸ್ವಂತ ಮಾತು ಹೇಳಿದ್ದಾರೆ.

ಸಭೆ ಯಾವಾಗಲೂ ಹೀಗೆ ಮಾತಾಡಿಲ್ಲ ಎಂಬುದೂ ನಿಜ. ಜನ್ಮಪಾಪವನ್ನು ಅಲ್ಲಗಳೆದ ಪೆಲಾಜಿಯಸ್‌ನೊಡನೆ ವಾದ ಮಾಡುವಾಗ ಆದಿಸಭೆಯ ಪಂಡಿತ ಆಗಸ್ಟೀನ್, ಜನ್ಮಪಾಪ ಇರುವುದರಿಂದ ಸ್ನಾನವಾಗದೆ ಸತ್ತ ಕೂಸುಗಳಿಗೂ ದಂಡನೆ ಉಂಟು, ಆದರೆ ಎಲ್ಲಕ್ಕಿಂತ ಹಗುರವಾದದ್ದು ಎಂದ. ಆ ಮಾತು ಮಧ್ಯಯುಗದ ಪಂಡಿತರಿಗೇ ತಡೆಯಲಾಗಲಿಲ್ಲ. ನೋವೂ ಇಲ್ಲದ, ದೇವರ ದರ್ಶನವೂ ಇಲ್ಲದ ಲಿಂಬೋ ಎಂಬ ಜಾಗವನ್ನು ಅವರು ಊಹಿಸಿದರು. ಅದು ಎಂದೂ ಅಧಿಕೃತ ವಿಶ್ವಾಸಸತ್ಯವಾಗಲಿಲ್ಲ, ಆದರೂ ಶತಮಾನಗಟ್ಟಲೆ ತಾಯಂದಿರ ಎದೆಯ ಮೇಲೆ ಕೂತಿತ್ತು. ಸ್ವಿಟ್ಜರ್ಲೆಂಡಿನ ಓಬರ್‌ಬ್ಯೂರೆನ್ ಎಂಬಲ್ಲಿ ಒಂದು ಯಾತ್ರಾಸ್ಥಳವಿತ್ತು. ಸತ್ತು ಹುಟ್ಟಿದ ಕೂಸುಗಳನ್ನು ಜನ ಅಲ್ಲಿಗೆ ಹೊತ್ತು ತರುತ್ತಿದ್ದರು. ಬೆಂಕಿಯ ಕಾವಿನಲ್ಲಿಟ್ಟು, ಒಂದು ಕ್ಷಣ ಜೀವ ಬಂದಂತೆ ಕಂಡರೂ ಸಾಕು, ಆ ಕ್ಷಣದಲ್ಲಿ ಸ್ನಾನ ಕೊಟ್ಟು ಪವಿತ್ರ ನೆಲದಲ್ಲಿ ಹೂಳುತ್ತಿದ್ದರು. ಬರ್ನ್ ನಗರ ಮತಸುಧಾರಣೆಗೆ ತಿರುಗಿದಾಗ, 1528ರಲ್ಲಿ, ಅದನ್ನು ಮುಚ್ಚಿಸಿದರು. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ನೆಲ ಅಗೆದಾಗ ಪುಟ್ಟ ಎಲುಬುಗಳು ಸಿಕ್ಕವು. ಐರ್ಲೆಂಡಿನಲ್ಲಂತೂ ಸ್ನಾನವಾಗದ ಕೂಸುಗಳಿಗೆ ಚರ್ಚಿನ ಸ್ಮಶಾನದಲ್ಲಿ ಜಾಗ ಸಿಗದೆ ಹೊಲದ ಮೂಲೆಗಳಲ್ಲಿ, ಬೇರೆಯಾಗಿ ಹೂಳುತ್ತಿದ್ದರು.

1992ರ ಕಥೋಲಿಕ ಧರ್ಮೋಪದೇಶದಲ್ಲಿ ಲಿಂಬೋದ ಹೆಸರೇ ಇಲ್ಲ. ಚಿಕ್ಕ ಮಕ್ಕಳನ್ನು ನನ್ನ ಹತ್ತಿರ ಬರಗೊಡಿಸಿರಿ ಎಂಬ ಯೇಸುವಿನ ಮಾತನ್ನು ಎತ್ತಿ, ಇಂಥ ಮಕ್ಕಳಿಗೂ ರಕ್ಷಣೆಯ ದಾರಿ ಇದೆಯೆಂದು ನಿರೀಕ್ಷಿಸಬಹುದು ಎನ್ನುತ್ತದೆ. 2007ರಲ್ಲಿ ವ್ಯಾಟಿಕನ್‌ನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ, ಪೋಪ್ ಹದಿನಾರನೆಯ ಬೆನೆಡಿಕ್ಟರ ಒಪ್ಪಿಗೆಯೊಂದಿಗೆ, ಈ ನಿರೀಕ್ಷೆಗೆ ಗಂಭೀರ ಆಧಾರಗಳಿವೆ ಎಂದು ಉದ್ದದ ಅಧ್ಯಯನವನ್ನೇ ಪ್ರಕಟಿಸಿತು. 1983ರ ಧರ್ಮಸಭಾ ಕಾನೂನಿನಂತೆ, ತಂದೆತಾಯಿಗೆ ಜ್ಞಾನಸ್ನಾನ ಕೊಡಿಸುವ ಮನಸ್ಸಿದ್ದು ಅಷ್ಟರೊಳಗೆ ತೀರಿಕೊಂಡ ಮಗುವಿಗೆ ಬಿಷಪರ ಅನುಮತಿಯಿಂದ ಧರ್ಮಸಭೆಯ ಅಂತ್ಯಕ್ರಿಯೆ ಮಾಡಬಹುದು. ನಿಮ್ಮ ಊರಿನಲ್ಲಿ ಯಾರಾದರೂ ಆಗುವುದಿಲ್ಲ ಎಂದರೆ ಈ ನಿಯಮವನ್ನು ನೆನಪಿಸಿ.

ಆಸ್ಪತ್ರೆಯಲ್ಲಿ ಮಗು ಉಳಿಯುವುದಿಲ್ಲ ಎಂದಿದ್ದಾರೆ. ಗುರುಗಳು ಬರುವಷ್ಟು ಸಮಯ ಇಲ್ಲ.

ಕಥೋಲಿಕ ನಿಯಮದಲ್ಲಿ ಇಂಥ ಹೊತ್ತಿನಲ್ಲಿ ಯಾರು ಬೇಕಾದರೂ ಕೊಡಬಹುದು, ಕ್ರೈಸ್ತಳಲ್ಲದ ನರ್ಸ್ ಕೂಡ. ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶವಿದ್ದು, ತಲೆಯ ಮೇಲೆ ನೀರು ಹರಿಸುತ್ತಾ, ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಎಂದರೆ ಸಾಕು. ಮಗು ಬದುಕಿ ಉಳಿದರೆ ಚರ್ಚಿಗೆ ತಿಳಿಸಿ ದಾಖಲೆ ಮಾಡಿಸಬೇಕು. ಸ್ನಾನವನ್ನು ಮತ್ತೆ ಕೊಡುವುದಿಲ್ಲ. ಲುಥೆರನ್, ಆಂಗ್ಲಿಕನ್ ಪರಂಪರೆಗಳಲ್ಲೂ ತುರ್ತು ದೀಕ್ಷಾಸ್ನಾನ ಉಂಟು. ಸೂಲಗಿತ್ತಿಯರು ಹೀಗೆ ಕೊಡುವುದನ್ನು ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ವಿರೋಧಿಸಿದ್ದ: ವಿಶ್ವಾಸಿಗಳ ಮಕ್ಕಳು ಹುಟ್ಟುವ ಮೊದಲೇ ದೇವರ ಒಡಂಬಡಿಕೆಯೊಳಗೆ ಇದ್ದಾರೆ, ಗಾಬರಿ ಏಕೆ ಎಂಬುದು ಅವನ ವಾದ.

ಒಂದು ಎಚ್ಚರಿಕೆ. ಬೇರೆಯವರ ಮಗುವಿಗೆ ಅವರಿಗೆ ತಿಳಿಯದಂತೆ ನೀರು ಹಾಕುವ ಭಕ್ತಿ ಬೇಡ. ಇಟಲಿಯ ಬೊಲೋನ್ಯಾದಲ್ಲಿ ಎಡ್ಗಾರ್ಡೊ ಮೊರ್ತಾರಾ ಎಂಬ ಯೆಹೂದ್ಯ ಕೂಸು ಕಾಯಿಲೆ ಬಿದ್ದಾಗ ಮನೆಕೆಲಸದ ಹುಡುಗಿ ಗುಟ್ಟಾಗಿ ಸ್ನಾನ ಕೊಟ್ಟಿದ್ದಳು. ಸುದ್ದಿ ಹೊರಬಿದ್ದ ಮೇಲೆ, 1858ರಲ್ಲಿ, ಪೋಪರ ಆಡಳಿತದ ಪೊಲೀಸರು ಆರು ವರ್ಷದ ಹುಡುಗನನ್ನು ಹೆತ್ತವರಿಂದ ಕಿತ್ತುಕೊಂಡು ಹೋದರು. ಎಷ್ಟು ಬೇಡಿಕೊಂಡರೂ ಮರಳಿಸಲಿಲ್ಲ.

ಲೂಥರ್ ನಂಬಿಕೆ ಮಾತ್ರ ಎಂದವನಲ್ಲವೇ? ಅವನು ದೀಕ್ಷಾಸ್ನಾನವನ್ನು ಬಿಟ್ಟನೇ?

ಬಿಡಲಿಲ್ಲ. ಲುಥೆರನ್ನರ ನಂಬಿಕೆಯ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ಅರಿಕೆಯ ಒಂಬತ್ತನೆಯ ವಿಧಿ ದೀಕ್ಷಾಸ್ನಾನ ರಕ್ಷಣೆಗೆ ಅಗತ್ಯ ಎಂದೇ ಹೇಳುತ್ತದೆ. ಲೂಥರನಿಗೆ ದೀಕ್ಷಾಸ್ನಾನ ಮನುಷ್ಯ ಮಾಡುವ ಕ್ರಿಯೆಯಲ್ಲ, ದೇವರು ಮಾಡುವ ಕ್ರಿಯೆ. ಆದ್ದರಿಂದ ನಂಬಿಕೆಗೂ ಅದಕ್ಕೂ ಅವನಿಗೆ ವಿರೋಧವೇ ಕಾಣಲಿಲ್ಲ. ನಂಬಿಕೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ, ಅದು ಈ ವಾಗ್ದಾನ ಸೇರಿದ ನೀರು. ಕ್ಯಾಲ್ವಿನ್ ಪರಂಪರೆಯ ಸುಧಾರಿತ ಸಭೆಗಳ ಮಾತು ಇನ್ನೂ ಅಳೆದು ತೂಗಿದ್ದು. 1640ರ ದಶಕದಲ್ಲಿ ಲಂಡನ್ನಿನಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ಅರಿಕೆ, ಈ ವಿಧಿಯನ್ನು ಕಡೆಗಣಿಸುವುದು ದೊಡ್ಡ ಪಾಪ, ಆದರೂ ಅದಿಲ್ಲದೆ ಯಾರೂ ರಕ್ಷಣೆ ಹೊಂದಲಾರರು ಎನ್ನುವಷ್ಟು ಕೃಪೆ ಅದಕ್ಕೆ ಅಂಟಿಕೊಂಡಿಲ್ಲ, ದೀಕ್ಷಾಸ್ನಾನವಾದ ಎಲ್ಲರೂ ಹೊಸದಾಗಿ ಹುಟ್ಟಿದವರೂ ಅಲ್ಲ ಎನ್ನುತ್ತದೆ. ನನ್ನ ಒಲವು ಕೇಳಿದರೆ, ಈ ಸಾಲಿನ ಹತ್ತಿರ.

ಬ್ಯಾಪ್ಟಿಸ್ಟರು, ಪೆಂತೆಕೊಸ್ತರು ಮುಳುಗಲೇಬೇಕು ಎನ್ನುತ್ತಾರೆ. ಅವರಿಗೆ ಅದು ರಕ್ಷಣೆಗೆ ಅಗತ್ಯವೇ?

ವಿಚಿತ್ರವೆಂದರೆ, ನೀರಿನ ಪ್ರಮಾಣದಲ್ಲಿ ಅತಿ ಕಟ್ಟುನಿಟ್ಟಾದ ಬ್ಯಾಪ್ಟಿಸ್ಟರೇ ಅದರಿಂದ ರಕ್ಷಣೆ ಬರುವುದಿಲ್ಲ ಎನ್ನುವುದರಲ್ಲೂ ಅತಿ ಕಟ್ಟುನಿಟ್ಟು. ಅವರಿಗೆ ಅದು ಆಗಲೇ ರಕ್ಷಣೆ ಹೊಂದಿದವನ ವಿಧೇಯತೆ, ಬಹಿರಂಗ ಸಾಕ್ಷಿ. ಹೆಚ್ಚಿನ ಪೆಂತೆಕೊಸ್ತ ಸಭೆಗಳದ್ದೂ ಇದೇ ನಿಲುವು. ಆದರೆ ಯೇಸುವಿನ ಹೆಸರಿನಲ್ಲಿ ಮಾತ್ರ ದೀಕ್ಷಾಸ್ನಾನ ಕೊಡುವ, ತ್ರಿತ್ವವನ್ನು ಒಪ್ಪದ ಏಕತ್ವವಾದಿ ಪೆಂತೆಕೊಸ್ತರಲ್ಲಿ ಅನೇಕರು, ಹಾಗೂ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅಲೆಗ್ಜಾಂಡರ್ ಕ್ಯಾಂಬೆಲ್ ಮೊದಲಾದವರ ಚಳವಳಿಯಿಂದ ಬಂದ ಕ್ರಿಸ್ತನ ಸಭೆಗಳು, ಪಾಪಪರಿಹಾರಕ್ಕೆ ಅದು ಬೇಕೇ ಬೇಕು ಎನ್ನುತ್ತವೆ. ಎಲ್ಲರನ್ನೂ ಮುಳುಗಿಸುವವರು ಎಂದು ಒಂದೇ ಗಂಟಿನಲ್ಲಿ ಕಟ್ಟಬೇಡಿ.

ಪ್ರಸಂಗಗಳಲ್ಲಿ ಒಂದು ಉದಾಹರಣೆ ಸವೆದು ಹೋಗಿದೆ: ದೀಕ್ಷಾಸ್ನಾನ ಮದುವೆಯ ಉಂಗುರದ ಹಾಗೆ, ಬರೀ ಗುರುತು. ಪಾಶ್ಚಾತ್ಯರ ಉಂಗುರಕ್ಕೆ ಅದು ಹೊಂದಬಹುದು. ನಮ್ಮ ಸಭಾಪಾಲಕರು ಉಂಗುರ ತೆಗೆದು ತಾಳಿ ಹಾಕಿ ಅದನ್ನೇ ಹೇಳುತ್ತಾರೆ, ವಾದ ತಲೆಕೆಳಗಾದದ್ದು ಅವರಿಗೆ ಗೊತ್ತಾಗುವುದಿಲ್ಲ. ತಾಳಿ ಕಟ್ಟುವ ಮುಹೂರ್ತವೇ ಮದುವೆ ಎನ್ನುವ ಜನ ನಾವು. ಹಾಗೆ ನೋಡಿದರೆ ತಾಳಿಯ ಉದಾಹರಣೆ ಲೂಥರನ ಕಡೆಗೇ ಸಾಕ್ಷಿ ಹೇಳುತ್ತದೆ.

ಕೂಸಾಗಿದ್ದಾಗ ನೀರು ಚಿಮುಕಿಸಿದ್ದಾರೆ. ಈಗ ಹೊಸ ಸಭೆಯವರು ಅದು ಲೆಕ್ಕಕ್ಕಿಲ್ಲ, ಮತ್ತೆ ಮುಳುಗು ಎನ್ನುತ್ತಾರೆ.

ನಮ್ಮ ಊರುಗಳಲ್ಲಿ ಮನೆ ಒಡೆಯುವ ಪ್ರಶ್ನೆ ಇದೇ. ಕಥೋಲಿಕ, ಆರ್ಥೊಡಾಕ್ಸ್, ಲುಥೆರನ್, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮೆಥೊಡಿಸ್ಟ್ ಸಭೆಗಳು ದೀಕ್ಷಾಸ್ನಾನ ಒಂದೇ ಸಲ ಎನ್ನುತ್ತವೆ. ಸಿ.ಎಸ್.ಐ.ಯಲ್ಲಿ ಮಗುವಿನ ದೀಕ್ಷಾಸ್ನಾನಕ್ಕೆ ಬೆಳೆದ ಮೇಲಿನ ಸ್ವಂತ ಒಪ್ಪಿಗೆ ದೃಢೀಕರಣದಲ್ಲಿ ಬರುತ್ತದೆ. ಬ್ಯಾಪ್ಟಿಸ್ಟ್, ಬ್ರದರನ್, ಪೆಂತೆಕೊಸ್ತರ ಪ್ರಕಾರ ಮೊದಲನೆಯದು ದೀಕ್ಷಾಸ್ನಾನವೇ ಅಲ್ಲ; ಆದ್ದರಿಂದ ತಾವು ಕೊಡುವುದು ಎರಡನೆಯದಲ್ಲ, ಮೊದಲನೆಯದು.

ಈ ಜಗಳಕ್ಕೆ ಹೆಣಗಳು ಬಿದ್ದಿವೆ. 1525ರ ಜನವರಿಯಲ್ಲಿ ಜೂರಿಕ್ ನಗರದಲ್ಲಿ ಕೆಲವರು, ಕೂಸಾಗಿದ್ದಾಗ ಆದದ್ದನ್ನು ಬದಿಗಿಟ್ಟು ಒಬ್ಬರಿಗೊಬ್ಬರು ದೀಕ್ಷಾಸ್ನಾನ ಕೊಟ್ಟುಕೊಂಡರು. ಅವರಲ್ಲಿದ್ದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರ ಜನವರಿ 5ರಂದು ಪ್ರೊಟೆಸ್ಟೆಂಟ್ ನಗರಸಭೆಯೇ ಲಿಮ್ಮಟ್ ನದಿಯಲ್ಲಿ ಮುಳುಗಿಸಿ ಕೊಂದಿತು. ನೀರು ಕೇಳಿದ್ದಕ್ಕೆ ನೀರೇ ಶಿಕ್ಷೆ. ಅದಕ್ಕೆ ಹೋಲಿಸಿದರೆ 1970ರಲ್ಲಿ ಬ್ಯಾಪ್ಟಿಸ್ಟರೂ ಆಂಗ್ಲಿಕನ್ನರೂ ಸೇರಿ ಉತ್ತರ ಭಾರತದ ಸಭೆಯನ್ನು ಕಟ್ಟಿ, ಶಿಶು ದೀಕ್ಷಾಸ್ನಾನ ಮತ್ತು ವಿಶ್ವಾಸಿಯ ದೀಕ್ಷಾಸ್ನಾನ ಎರಡಕ್ಕೂ ಒಂದೇ ಸೂರಿನಡಿ ಜಾಗ ಮಾಡಿಕೊಟ್ಟದ್ದು ಸಣ್ಣ ಸಂಗತಿಯಲ್ಲ.

ರಕ್ಷಣೆಯ ಪ್ರಶ್ನೆಗೆ ಬಂದರೆ: ಮತ್ತೆ ಮುಳುಗದಿದ್ದರೆ ನರಕ ಎಂದು ಹೆದರಿಸುವವರ ಮಾತಿಗೆ ಬೀಳಬೇಡಿ. ನೀರು ರಕ್ಷಿಸುವುದಿಲ್ಲ ಎಂದು ಬೋಧಿಸುತ್ತಲೇ ಹಾಗೆ ಹೆದರಿಸುವವರು ತಮ್ಮ ಬೋಧನೆಗೇ ತಪ್ಪುತ್ತಿದ್ದಾರೆ.

ಎಷ್ಟು ನೀರು ಬೇಕು? ಯಾವ ಮಾತು ಹೇಳಬೇಕು?

ಹೊಸ ಒಡಂಬಡಿಕೆಯ ಕಾಲಕ್ಕೆ ತೀರ ಹತ್ತಿರದ ಬರಹವಾದ ದಿದಖೆಯ ಏಳನೆಯ ಅಧ್ಯಾಯ ಇದಕ್ಕೆ ಆಗಲೇ ಉತ್ತರ ಕೊಟ್ಟಿದೆ: ಹರಿಯುವ ನೀರಿನಲ್ಲಿ ಕೊಡಿ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ. ಮಾತಿನ ವಿಷಯದಲ್ಲಿ ರೋಮ್ ಬಹಳ ಬಿಗಿ. ನಾನು ಎನ್ನುವಲ್ಲಿ ನಾವು ನಿನಗೆ ಸ್ನಾನ ಕೊಡುತ್ತೇವೆ ಎಂದರೆ ಅದು ಸಿಂಧುವಲ್ಲ ಎಂದು 2020ರಲ್ಲಿ ತೀರ್ಮಾನಿಸಿತು. ಅದರಿಂದ ಅಮೆರಿಕದಲ್ಲಿ ಸಾವಿರಾರು ಜನ ಮತ್ತೆ ಸರದಿಯಲ್ಲಿ ನಿಲ್ಲಬೇಕಾಯಿತು. ಒಬ್ಬ ಪ್ರೊಟೆಸ್ಟೆಂಟನಿಗೆ ಇದು ಅತಿಯಾಯಿತು ಅನ್ನಿಸುವುದು ಸಹಜ.

ಸಾಯುವ ಮುಂಚೆ ಮಾಡಿಸಿಕೊಂಡರಾಯಿತು, ಅಲ್ಲವೇ?

ಚಕ್ರವರ್ತಿ ಕಾನ್‌ಸ್ಟಂಟೈನ್ ಹಾಗೆಯೇ ಮಾಡಿದ. ದಶಕಗಳ ಕಾಲ ಕ್ರೈಸ್ತರ ಪರವಾಗಿ ನಿಂತು, 337ರಲ್ಲಿ ಸಾವಿನ ಹಾಸಿಗೆಯಲ್ಲಿ ಸ್ನಾನ ಪಡೆದ. ಆಮೇಲೆ ಮಾಡುವ ಪಾಪಕ್ಕೆ ಕ್ಷಮೆ ಕಷ್ಟ ಎಂಬ ಭಯದಿಂದ ಆ ಕಾಲದಲ್ಲಿ ಅನೇಕರು ಮುಂದೂಡುತ್ತಿದ್ದರು. ಆಂಬ್ರೋಸನೇ 374ರಲ್ಲಿ ಬಿಷಪನಾಗಿ ಆರಿಸಲ್ಪಟ್ಟಾಗ ಸ್ನಾನವಾಗದವನು. ಆದರೆ ಅದೇ ಶತಮಾನದ ದೊಡ್ಡ ಬೋಧಕರು ಈ ಲೆಕ್ಕಾಚಾರವನ್ನು ಬಿಡದೆ ಖಂಡಿಸಿದರು. ಕೊನೆಯ ದಿನ ಯಾವುದೆಂದು ಗೊತ್ತಿರುವವರು ಬೇಕಾದರೆ ಮುಂದೂಡಲಿ.

ದೀಕ್ಷಾಸ್ನಾನವನ್ನೇ ಕೊಡದ ಕ್ರೈಸ್ತರು ಇದ್ದಾರೆಯೇ?

ಇದ್ದಾರೆ. ಕ್ವೇಕರರು ಆತ್ಮದ ದೀಕ್ಷಾಸ್ನಾನ ಒಂದೇ ಎಂದು ನೀರನ್ನು ಬಿಟ್ಟರು. ಸಾಲ್ವೇಶನ್ ಆರ್ಮಿ 1883ರಿಂದ ಸಂಸ್ಕಾರಗಳನ್ನು ಆಚರಿಸುವುದಿಲ್ಲ.

ಭಾರತದಲ್ಲಿ ಯೇಸುವನ್ನು ನಂಬಿಯೂ ದೀಕ್ಷಾಸ್ನಾನ ತೆಗೆದುಕೊಳ್ಳದವರು ಬಹಳ ಜನ. ಅವರನ್ನು ಏನೆನ್ನಬೇಕು?

ಇಲ್ಲಿ ಪ್ರಶ್ನೆಯ ಬಣ್ಣವೇ ಬದಲಾಗುತ್ತದೆ. ಹಿಂದಿನ ಯೂರೋಪಿನಲ್ಲಿ ಸ್ನಾನವಾಗದಿದ್ದರೆ ಸಮಾಜದಿಂದ ಹೊರಗೆ. ಇಲ್ಲಿ ಸ್ನಾನವಾದರೆ ಹೊರಗೆ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣರು ಬಾಸೆಲ್ ಮಿಶನ್ನಿನಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕ್ಷೋಭೆಗೊಂಡಿತ್ತು. ಯೇಸುವಿನ ಬಗ್ಗೆ ಓದಿದ್ದು ಯಾರಿಗೂ ತೊಂದರೆಯಾಗಿರಲಿಲ್ಲ, ನೀರಿಗಿಳಿದದ್ದೇ ತೊಂದರೆಯಾಯಿತು. ಮನೆ, ಜಾತಿ, ಪಿತ್ರಾರ್ಜಿತ, ಹೆಂಡತಿ, ಎಲ್ಲದರ ಗಡಿ ಆ ನೀರೇ ಆಗಿತ್ತು.

ಆದ್ದರಿಂದಲೇ ಗಡಿ ದಾಟದೆ ನಂಬುವ ದಾರಿಯನ್ನು ನಮ್ಮವರು ಮತ್ತೆ ಮತ್ತೆ ಹುಡುಕಿದ್ದಾರೆ. ಮರಾಠಿ ಕವಿ ನಾರಾಯಣ ವಾಮನ ಟಿಳಕರು ತಾವು 1895ರಲ್ಲಿ ದೀಕ್ಷಾಸ್ನಾನ ಪಡೆದವರು. ಬದುಕಿನ ಕೊನೆಯಲ್ಲಿ ಅವರು ಶುರುಮಾಡಿದ ದೇವರ ದರ್ಬಾರು ಎಂಬ ಬಳಗದಲ್ಲಿ ದೀಕ್ಷಾಸ್ನಾನವಾದವರಿಗೂ ಆಗದವರಿಗೂ ಜಾಗವಿತ್ತು. ಮದ್ರಾಸಿನಲ್ಲಿ ಹರ್ಬರ್ಟ್ ಹೋಫರ್ ಎಂಬ ಲುಥೆರನ್ ಪಂಡಿತರು 1980ರ ದಶಕದಲ್ಲಿ ನಡೆಸಿದ ಅಧ್ಯಯನದಲ್ಲಿ, ಚರ್ಚಿಗೆ ಸೇರದೆ ಯೇಸುವನ್ನೇ ದೇವರೆಂದು ಪೂಜಿಸುವ ಮೇಲ್ಜಾತಿಯ ಹೆಂಗಸರು, ವ್ಯಾಪಾರಿಗಳು, ಕಾಲೇಜು ಹುಡುಗರು ಸಿಕ್ಕರು. ಅದಕ್ಕೂ ಮೊದಲೇ ಕೇರಳದ ಎಂ. ಎಂ. ಥಾಮಸ್ ಮತ್ತು ಸಿ.ಎಸ್.ಐ. ಬಿಷಪ್ ಲೆಸ್ಲಿ ನ್ಯೂಬಿಗಿನ್ ಇದೇ ವಿಷಯದಲ್ಲಿ ವಾದ ಮಾಡಿದ್ದರು. ಹಿಂದೂ ಸಮಾಜದೊಳಗೇ ಕ್ರಿಸ್ತಕೇಂದ್ರಿತ ಬಳಗ ಇರಬಹುದು ಎಂದು ಥಾಮಸ್. ಕಣ್ಣಿಗೆ ಕಾಣುವ ಬಳಗವಿಲ್ಲದೆ ಕ್ರಿಸ್ತನಿಗೆ ನಿಷ್ಠೆ ಹೇಗೆ ಎಂದು ನ್ಯೂಬಿಗಿನ್.

ನನ್ನ ಅಭಿಪ್ರಾಯ ಇಷ್ಟು. ಇಂಥವರಿಗೆ ರಕ್ಷಣೆಯಿಲ್ಲ ಎನ್ನುವ ಅಧಿಕಾರ ಯಾರಿಗೂ ಇಲ್ಲ, ಕೊರ್ನೇಲ್ಯನ ಮನೆಯ ಕಥೆ ಓದಿದವರಿಗಂತೂ ಇಲ್ಲವೇ ಇಲ್ಲ. ಆದರೆ ಬೆಲೆ ಹೆಚ್ಚು ಎಂಬ ಕಾರಣಕ್ಕೆ ದೀಕ್ಷಾಸ್ನಾನವೇ ಬೇಡ ಎಂದು ಸಿದ್ಧಾಂತ ಕಟ್ಟಿದರೆ, ಬೆಲೆ ತೆತ್ತವರಿಗೆ ಏನು ಹೇಳುವುದು? ಕರ್ನಾಟಕದ ಹಳ್ಳಿಗಳಲ್ಲಿ ಕೇರಿಗೆ ಕೇರಿಯೇ ದೀಕ್ಷಾಸ್ನಾನ ಪಡೆದ ದಲಿತರಿಗೆ ಆ ನೀರು ಹೊರಗೆ ಹಾಕುವ ಗಡಿಯಾಗಿರಲಿಲ್ಲ. ಹೊರಗೇ ಇದ್ದವರನ್ನು ಹೆಸರಿಟ್ಟು ಒಳಗೆ ಕರೆದದ್ದು ಅದು. ಕಳೆದುಕೊಳ್ಳಲು ಆಸ್ತಿ ಇದ್ದವರ ತೊಡಕನ್ನೇ ಎಲ್ಲರ ತೊಡಕೆಂದು ಬರೆದಿಡುವುದು ಸರಿಯಲ್ಲ.

ದೀಕ್ಷಾಸ್ನಾನವಾದರೆ ಎಸ್‌ಸಿ ಪ್ರಮಾಣಪತ್ರ ಹೋಗುತ್ತದೆಯೇ?

ಇದು ದೈವಶಾಸ್ತ್ರವಲ್ಲ, ಆದರೆ ಪ್ರತಿ ಸಲ ಬರುವ ಪ್ರಶ್ನೆ. 1950ರ ಪರಿಶಿಷ್ಟ ಜಾತಿ ಆದೇಶದ ಮೂರನೆಯ ಪ್ಯಾರಾದಂತೆ ಹಿಂದೂ ಧರ್ಮದವರು, 1956ರಿಂದ ಸಿಖ್ಖರು, 1990ರಿಂದ ಬೌದ್ಧರು ಮಾತ್ರ ಪರಿಶಿಷ್ಟ ಜಾತಿಗೆ ಸೇರುತ್ತಾರೆ. ಕ್ರೈಸ್ತರಾದವರಿಗೆ ಆ ಸ್ಥಾನ ಇಲ್ಲ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಈ ಅಡ್ಡಿ ಇಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ದೀಕ್ಷಾಸ್ನಾನ ಪಡೆದು ಚರ್ಚಿಗೆ ಹೋಗುತ್ತಲೇ ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವಂತಿಲ್ಲ ಎಂದಿತು. ಈ ಕಾನೂನು ನ್ಯಾಯವಲ್ಲ ಎಂದು ಸಭೆಗಳು ಬಹಳ ಕಾಲದಿಂದ ಹೇಳುತ್ತಾ ಬಂದಿವೆ, ನಾನೂ ಹಾಗೆಯೇ ಎಣಿಸುತ್ತೇನೆ. ಮಗನ ಕಾಲೇಜು ಸೀಟು ಕೈತಪ್ಪುತ್ತದೆಂದು ತಡೆದು ನಿಂತ ತಂದೆಗೆ ನಂಬಿಕೆ ಸಾಲದು ಎಂದು ಬೈಯುವ ಮೊದಲು, ಬೈಯುವವರು ತಮ್ಮ ಮಕ್ಕಳ ಸೀಟು ಹೇಗೆ ಬಂತೆಂದು ನೋಡಿಕೊಳ್ಳಲಿ.

ನನಗೆ ದೀಕ್ಷಾಸ್ನಾನ ಆಗಿದೆ. ನಂಬಿಕೆ ಇದೆ ಎಂದು ಹೇಳಲಾರೆ.

ಸಮಾರ್ಯದ ಮಂತ್ರವಾದಿ ಸೀಮೋನನಿಗೂ ದೀಕ್ಷಾಸ್ನಾನ ಆಗಿತ್ತು. ಸ್ವಲ್ಪ ದಿನದಲ್ಲೇ ಪವಿತ್ರಾತ್ಮನನ್ನು ದುಡ್ಡು ಕೊಟ್ಟು ಕೊಳ್ಳಲು ಹೊರಟ. ನಿನ್ನ ಹೃದಯ ದೇವರ ಮುಂದೆ ಸರಿಯಿಲ್ಲ ಎಂದ ಪೇತ್ರ ಅವನಿಗೆ ಇನ್ನೊಂದು ಸ್ನಾನ ಸೂಚಿಸಲಿಲ್ಲ, ಮನಸ್ಸು ತಿರುಗಿಸಿಕೊಂಡು ಬೇಡಿಕೋ ಎಂದ.

ಆದರೆ ನಿಮ್ಮನ್ನು ಸೀಮೋನನ ಪಕ್ಕದಲ್ಲಿ ನಿಲ್ಲಿಸುವುದು ನನಗೆ ಇಷ್ಟವಿಲ್ಲ. ಪಂಡಿತಾ ರಮಾಬಾಯಿಯವರ ಪಕ್ಕದಲ್ಲಿ ನಿಲ್ಲಿಸುತ್ತೇನೆ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದ ಅವರು 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ಪಡೆದರು. 1907ರಲ್ಲಿ ಬರೆದ ಸಾಕ್ಷ್ಯದಲ್ಲಿ, ಆಗ ನನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ ಎನ್ನುತ್ತಾರೆ. ಕ್ರಿಸ್ತನು ಸಿಕ್ಕಿದ್ದು ವರ್ಷಗಳು ಕಳೆದ ಮೇಲೆ, ಭಾರತಕ್ಕೆ ಮರಳಿ ವಿಧವೆಯರಿಗಾಗಿ ಮನೆ ಕಟ್ಟಿ ದುಡಿಯುತ್ತಿದ್ದಾಗ.

ನಾನು ನಂಬಿದ್ದೇನೆ, ಮನೆಯವರು ಒಪ್ಪುತ್ತಿಲ್ಲ. ಏನು ಮಾಡಲಿ?

ಹದಿನೆಂಟು ತುಂಬಿಲ್ಲದಿದ್ದರೆ ಕಾಯಿರಿ, ಹೆತ್ತವರಿಗೆ ಹೇಳದೆ ಮುಚ್ಚುಮರೆಯಲ್ಲಿ ಏನೂ ಮಾಡಬೇಡಿ. ಸಿಖ್ ಮನೆಯಲ್ಲಿ ಹುಟ್ಟಿದ ಸಾಧು ಸುಂದರ್ ಸಿಂಗ್ 1904ರ ಡಿಸೆಂಬರಿನಲ್ಲಿ ನಂಬಿದರು, ದೀಕ್ಷಾಸ್ನಾನ ಆದದ್ದು 1905ರ ಸೆಪ್ಟೆಂಬರ್ 3ರಂದು ಸಿಮ್ಲಾದಲ್ಲಿ. ನಡುವಿನ ತಿಂಗಳುಗಳಲ್ಲಿ ಅವರು ಕ್ರಿಸ್ತನಿಂದ ಹೊರಗಿದ್ದರೆಂದು ಯಾವ ಸಭೆಯೂ ಹೇಳುವುದಿಲ್ಲ. ಹದಿನೆಂಟು ದಾಟಿದವರಾಗಿದ್ದರೆ ಎರಡು ವಿಷಯ ನೋಡಿಕೊಳ್ಳಿ: ಈಗಲೇ ಆಗದಿದ್ದರೆ ಸತ್ತಾಗ ಏನಾಗುವುದೋ ಎಂಬ ಭಯ ನಿಮ್ಮನ್ನು ಓಡಿಸುತ್ತಿದ್ದರೆ ಸ್ವಲ್ಪ ನಿಲ್ಲಿ, ಮನೆಯವರು ಏನೆಂದಾರೋ ಎಂಬ ಅಂಜಿಕೆಯೊಂದೇ ತಡೆಯುತ್ತಿದ್ದರೆ ಹೆಜ್ಜೆ ಹಾಕಿ. ಸಭಾಪಾಲಕರ ಹತ್ತಿರ ಒಬ್ಬರೇ ಹೋಗಿ ಮಾತಾಡಿ, ದಿನ ಗೊತ್ತುಮಾಡಲು ಅವಸರಪಡಿಸುವವರಾದರೆ ಬೇರೆಯವರನ್ನು ಹುಡುಕಿ. ಸರಿಯಾದ ಸಭೆಯಲ್ಲಿ ಮೊದಲು ತಿಂಗಳುಗಟ್ಟಲೆ ಕಲಿಸುತ್ತಾರೆ. ಮನೆಯವರನ್ನು ಆ ದಿನಕ್ಕೆ ಕರೆಯಿರಿ. ಬರುವುದಿಲ್ಲ ಎಂದರೂ ಕರೆಯಿರಿ. ಸ್ನಾನ ಮುಗಿದ ಮೇಲೆ ಸೀದಾ ಮನೆಗೆ ಹೋಗಿ. ಊಟಕ್ಕೆ ಕರೆದರೆ ಉಣ್ಣಿ.